ಕೆರೆ ಮೀನು, ಮಕ್ಕಳ ಗಾಳ ಮತ್ತು ನಮ್ಮ ಒಂದು ತಪ್ಪು



ಕಳೆದ ಬೇಸಿಗೆ ರಜೆಯ ಮಕ್ಕಳ ಶಿಬಿರದಲ್ಲಿ ಒಂದು ದಿನ ಹಾಡು, ನಾಟಕ ಎಲ್ಲ ಬದಿಗಿಟ್ಟು ಮಕ್ಕಳನ್ನು ಕೆರೆ ಏರಿಗೆ ಕರೆದುಕೊಂಡು ಹೋದೆವು. ಮೀನು ಹಿಡಿಯಬೇಕು ಅಂತ ಮೊದಲ ದಿನದಿಂದಲೇ ಮಕ್ಕಳು ಹಟ ಹಿಡಿದಿದ್ದರು. ಸಂಘದ ನಾಲ್ಕು ಜನ ತಾಯಂದಿರು ಜೊತೆಗೆ ಬಂದರು. ಬಿದಿರು ಕಡ್ಡಿ, ನೈಲಾನ್ ದಾರ, ಸಂತೆಯಲ್ಲಿ ಸಿಗುವ ಸಣ್ಣ ಗಾಳ, ಜೋಳದ ದಂಟಿನ ಬೆಂಡು, ಇಷ್ಟೇ ಸಾಮಾನು. ಗಾಳಕ್ಕೆ ಸಿಕ್ಕಿಸೋಕೆ ಬೆಳಿಗ್ಗೆ ಉಳಿದ ರಾಗಿಮುದ್ದೆ, ಮತ್ತೆ ಎರೆಹುಳ.

ಎರಡು ಗಂಟೆಯಲ್ಲಿ ಹನ್ನೊಂದು ಮೀನು ಬಿದ್ದವು. ಎಂಟು ಕಾಮನ್ ಕಾರ್ಪ್, ಅಂದರೆ ಇಲಾಖೆಯವರು ಸಾಮಾನ್ಯ ಗೆಂಡೆ ಅನ್ನುವ ಮೀನು. ಎರಡು ಜಿಲೇಬಿ. ಒಂದೇ ಒಂದು ಸಸಲು, ಅದೂ ಬೆರಳುದ್ದ. ಮಕ್ಕಳಿಗೆ ಖುಷಿಯೋ ಖುಷಿ. ಪಕ್ಕದಲ್ಲಿ ಕುರಿ ನೀರಿಗೆ ಬಿಟ್ಟುಕೊಂಡು ಕೂತಿದ್ದ ಒಬ್ಬ ಅಜ್ಜಿ ಬಂದು ಬಕೆಟ್ಟಿಗೆ ಇಣುಕಿ ನೋಡಿ, "ಇಷ್ಟೇನಾ? ಎಲ್ಲ ಒಂದೇ ಜಾತಿ ಐತಲ್ಲ" ಅಂದರು. ಆಮೇಲೆ ಬೆರಳು ಮಡಿಸುತ್ತಾ ಹೇಳಿದರು: ಸಸಲು, ಕೆರೆಗೆಂಡೆ, ಚೇಳುಮೀನು, ಮುರುಗೋಡು, ಕೊರವ, ಬಾಳೆಮೀನು, ಹಾವುಮೀನು. ಏಳು ಬೆರಳು ಮಡಿಸಿದ ಮೇಲೆ ಇನ್ನೂ ಇದ್ದವು, ಹೆಸರು ಮರೆತಿದೆ ಅಂದರು. ಒಬ್ಬ ಹುಡುಗ ಕೇಳಿದ, "ಅವೆಲ್ಲ ಎಲ್ಲೋದ್ವು ಅಜ್ಜಿ?" ಅಜ್ಜಿ ಅವನ ಕಡೆ ನೋಡಲಿಲ್ಲ, ನಮ್ಮ ಕಡೆ ನೋಡಿದರು. "ಸಿಸ್ಟರಮ್ಮನ್ನೇ ಕೇಳು. ಕೆರೆಗೆ ಹಿಂಡಿ ಹಾಕ್ಸಿದ್ದು ಅವ್ರೇ ಅಲ್ವಾ?"

ಅಜ್ಜಿ ಹೇಳಿದ್ದು ನಿಜ. ಅದಕ್ಕೇ ಈ ಸಲ ಈ ವಿಷಯವನ್ನೇ ಬರೆಯುತ್ತಿದ್ದೇವೆ.

ನಾವು ಏನು ಮಾಡಿದ್ದೆವು

ಹಲವು ವರ್ಷಗಳ ಹಿಂದೆ ಆ ಊರಿನ ಎರಡು ಸಂಘಗಳು ಸೇರಿ ಕೆರೆಯ ಮೀನಿನ ಗುತ್ತಿಗೆ ಹಿಡಿದವು. ನಮಗೆ ಬಹಳ ಹೆಮ್ಮೆ ಆಗಿತ್ತು, ಯಾಕೆಂದರೆ ಅಲ್ಲಿಯತನಕ ಆ ಗುತ್ತಿಗೆ ಗಂಡಸರ ಕೈಯಲ್ಲೇ ಇತ್ತು. ತರಬೇತಿ ಕೊಡಿಸಿದೆವು. ತರಬೇತಿಯಲ್ಲಿ ಹೇಳಿದ ಮೊದಲ ಪಾಠ ಏನೆಂದರೆ, ಮರಿ ಬಿಡೋ ಮೊದಲು ಕೆರೆಯನ್ನು 'ಸ್ವಚ್ಛ' ಮಾಡಬೇಕು. ಕೆರೆಯಲ್ಲಿ ಇರೋ ಸಣ್ಣ ಮೀನೆಲ್ಲ 'ಕಳೆ ಮೀನು', ಕೊರವ ಮುರುಗೋಡು ಎಲ್ಲ 'ಭಕ್ಷಕ ಮೀನು', ಇವನ್ನು ತೆಗೆಯದಿದ್ದರೆ ಬಿಟ್ಟ ಮರಿ ಉಳಿಯಲ್ಲ ಅಂತ. ಬೇಸಿಗೆಯಲ್ಲಿ ನೀರು ತಳಕ್ಕೆ ಇಳಿದಾಗ ಹಿಪ್ಪೆ ಹಿಂಡಿ ನೆನೆಸಿ ಎರಚಿದೆವು. ಹಿಪ್ಪೆ ಹಿಂಡಿಯಲ್ಲಿ ಸೋಪಿನಂತೆ ನೊರೆ ಬರುವ ಒಂದು ಅಂಶ ಇದೆ, ಅದು ಮೀನಿನ ರಕ್ತಕ್ಕೆ ವಿಷ. ಕೆಲವೇ ಗಂಟೆಗಳಲ್ಲಿ ಮೀನು ಬಾಯಿ ಬಿಟ್ಟುಕೊಂಡು ಮೇಲೆ ತೇಲುತ್ತವೆ. ಎರಡು ಮೂರು ವಾರ ಕಳೆದ ಮೇಲೆ ಅದೇ ಹಿಂಡಿ ಗೊಬ್ಬರ ಆಗುತ್ತೆ. ಲೆಕ್ಕದಲ್ಲಿ ಬಹಳ ಚೆನ್ನಾಗಿತ್ತು.

ಆಮೇಲೆ ಕಾಮನ್ ಕಾರ್ಪ್ ಮರಿ ಬಿಟ್ಟೆವು, ಜೊತೆಗೆ ಸ್ವಲ್ಪ ಕಾಟ್ಲಾ, ರೋಹು. ಮೊದಲ ವರ್ಷ ಸಂಘಕ್ಕೆ ಲಾಭ ಬಂತು. ಸಾಲ ತೀರಿತು, ಎರಡು ಮಕ್ಕಳ ಕಾಲೇಜು ಶುಲ್ಕ ಆಯಿತು. ಇದನ್ನು ನಾವು ಬಚ್ಚಿಡೋದಿಲ್ಲ. ಆದರೆ ಸಂಘದಲ್ಲಿ ಇಲ್ಲದ ಕೆಲವು ಮನೆಗಳಿದ್ದವು. ಕಂತು ಕಟ್ಟೋಕೆ ಆಗದೆ ಸಂಘ ಬಿಟ್ಟವರು, ಕೂಲಿಗೆ ಬಂದು ನೆಲೆಸಿದವರು. ಆ ಹೆಂಗಸರು ಮಳೆಗಾಲದಲ್ಲಿ ಹಳೇ ಸೀರೆ ಹಿಡಿದು ಕೆರೆ ಅಂಚಲ್ಲಿ, ತೂಬಿನ ಕಾಲುವೆಯಲ್ಲಿ ಸಸಲು, ಸೀಗಡಿ ಸೋಸಿಕೊಂಡು ಹೋಗುತ್ತಿದ್ದರು. ಆ ಮೀನಿಗೆ ಯಾರೂ ಬೆಲೆ ಕಟ್ಟಿರಲಿಲ್ಲ, ಯಾರಿಗೂ ಕೇಳಬೇಕಾಗಿರಲಿಲ್ಲ. ಮುಳ್ಳು ಸಮೇತ ಹುರಿದು ಮಕ್ಕಳಿಗೆ ಕೊಡುತ್ತಿದ್ದರು. ಹಿಂಡಿ ಹಾಕಿದ ವರ್ಷದಿಂದ ಸೀರೆಗೆ ಏನೂ ಬೀಳಲಿಲ್ಲ. ಕಾರ್ಪ್ ಹಿಡಿಯೋಣ ಅಂದರೆ ಅದು ಸಂಘದ ಸ್ವತ್ತು, ಕಾವಲು ಇತ್ತು. ಇದು ನಮ್ಮ ವರದಿಯಲ್ಲಿ ಎಲ್ಲೂ ಬರಲಿಲ್ಲ. ವರದಿಯಲ್ಲಿ ಕಾರ್ಪಿನ ಕಿಲೋ ಲೆಕ್ಕ ಮಾತ್ರ ಇತ್ತು.

ಸಣ್ಣ ಮೀನನ್ನು ತಲೆ, ಮುಳ್ಳು, ಕಣ್ಣು ಎಲ್ಲ ಸೇರಿಸಿ ತಿನ್ನುವುದರಿಂದ ಸುಣ್ಣದ ಅಂಶ ಸಿಗುತ್ತದೆ, ಕೆಲವು ಜಾತಿಗಳಲ್ಲಿ ಕಣ್ಣಿಗೆ ಬೇಕಾದ ಎ ಜೀವಸತ್ವವೂ ಇರುತ್ತದೆ. ದೊಡ್ಡ ಮೀನಿನ ತುಂಡಿನಲ್ಲಿ ನಾವು ತಿನ್ನುವುದು ಮಾಂಸವನ್ನು ಮಾತ್ರ. ಅಂಗನವಾಡಿಯಲ್ಲಿ ಮಕ್ಕಳ ತೂಕ ನೋಡುವ ನಾವೇ ಇದನ್ನು ಮರೆತೆವು. ಮನೆಮನೆಗೂ ಕೆರೆ ಪುಕ್ಕಟೆಯಾಗಿ ಕೊಡುತ್ತಿದ್ದುದನ್ನು 'ಕಳೆ' ಅಂತ ಹೆಸರಿಟ್ಟು ತೆಗೆದುಹಾಕಿದೆವು. ಹೊರಗಿನಿಂದ ತಂದದ್ದಕ್ಕೆ 'ಸುಧಾರಿತ ತಳಿ' ಅಂತ ಹೆಸರಿಟ್ಟೆವು. ಹೆಸರು ಯಾರು ಇಡುತ್ತಾರೆ ಅನ್ನೋದರಲ್ಲೇ ಬಹಳ ವಿಷಯ ಇದೆ.

ಈ ಮೀನು ಎಲ್ಲಿಂದ ಬಂತು

ಕಾಮನ್ ಕಾರ್ಪ್‌ನ ತವರು ಯುರೋಪಿನ ಡ್ಯಾನ್ಯೂಬ್ ನದಿಯ ಕಡೆಯಿಂದ ಏಷ್ಯಾದ ಒಳನಾಡಿನವರೆಗೆ. ನಮ್ಮ ದೇಶಕ್ಕೆ 1939ರಲ್ಲಿ ಸಿಲೋನಿನಿಂದ, ಅಂದರೆ ಈಗಿನ ಶ್ರೀಲಂಕಾದಿಂದ, ನೀಲಗಿರಿಗೆ ಮೊದಲು ಬಂತು. ಅದು ಮೈಮೇಲೆ ಅಲ್ಲಲ್ಲಿ ಕನ್ನಡಿ ಚೂರಿನಂತೆ ದೊಡ್ಡ ಪೊರೆ ಇರುವ ಜಾತಿ, ಚಳಿ ಊರಿಗೆ ಒಗ್ಗಿದ್ದು. ಬಯಲು ಸೀಮೆಗೆ ಒಗ್ಗುವ ಜಾತಿ 1957ರಲ್ಲಿ ಬ್ಯಾಂಕಾಕಿನಿಂದ ಒರಿಸ್ಸಾದ ಕಟಕ್‌ಗೆ ಬಂತು. ನಮ್ಮ ಕೆರೆಗಳಲ್ಲಿ ಇರೋದು ಹೆಚ್ಚಾಗಿ ಇದರ ಮಕ್ಕಳು ಮೊಮ್ಮಕ್ಕಳು. ಹುಲ್ಲುಗೆಂಡೆ, ಬೆಳ್ಳಿಗೆಂಡೆ ಎರಡೂ 1959ರಲ್ಲಿ ಬಂದವು, ಮೊದಲನೆಯದು ಹಾಂಕಾಂಗಿನಿಂದ, ಎರಡನೆಯದು ಜಪಾನಿನಿಂದ. ನಾವು ಜಿಲೇಬಿ ಅನ್ನುವ ತಿಲಾಪಿಯಾ ಆಫ್ರಿಕಾದ್ದು, ಅದು 1952ರಲ್ಲಿ ಬಂತು. ಆಗ ದೇಶದಲ್ಲಿ ಆಹಾರದ ಕೊರತೆ ಇತ್ತು. ತಂದವರು ಕೆಟ್ಟ ಉದ್ದೇಶದಿಂದ ತಂದದ್ದಲ್ಲ.

ಹಾಗಾದರೆ ಕಾಟ್ಲಾ, ರೋಹು, ಮೃಗಾಲ್ ನಮ್ಮವೇ ಅಲ್ವಾ ಅಂತ ತಾಯಂದಿರು ಕೇಳಿದರು. ಭಾರತದ್ದು ಹೌದು, ನಮ್ಮ ಹೊಳೆಯದ್ದಲ್ಲ. ಅವು ಗಂಗಾ ಸೀಮೆಯ ಮೀನು. ರೈಲಿನಲ್ಲಿ, ಡಬ್ಬದಲ್ಲಿ ಮರಿ ತಂದು ದಕ್ಷಿಣದ ಕೆರೆಗಳಿಗೆ ಬಿಟ್ಟರು. 1957ರ ಜುಲೈ 10ರಂದು ಹೀರಾಲಾಲ್ ಚೌಧುರಿ ಮತ್ತು ಕೆ. ಎಚ್. ಅಲಿಕುಂಞಿ ಎಂಬ ವಿಜ್ಞಾನಿಗಳು ಒರಿಸ್ಸಾದಲ್ಲಿ ಈ ಗೆಂಡೆ ಜಾತಿಗಳಿಗೆ ಚುಚ್ಚುಮದ್ದು ಕೊಟ್ಟು ಮೊಟ್ಟೆ ಇಡಿಸಿದರು. ಆ ದಿನವನ್ನೇ ಈಗ ರಾಷ್ಟ್ರೀಯ ಮೀನು ಕೃಷಿಕರ ದಿನ ಅಂತ ಆಚರಿಸುತ್ತಾರೆ. ಅಲ್ಲಿಂದ ಮರಿಗೆ ಹೊಳೆ ಕಾಯಬೇಕಾಗಿಲ್ಲ.

ಆದರೆ ಈ ಎರಡು ಗುಂಪಿಗೂ ಒಂದು ದೊಡ್ಡ ವ್ಯತ್ಯಾಸ ಇದೆ, ಅದನ್ನು ತಿಳಿದುಕೊಂಡರೆ ಅರ್ಧ ವಿಷಯ ತಿಳಿದಂತೆ. ಕಾಟ್ಲಾ, ರೋಹು, ಮೃಗಾಲ್ ನಿಂತ ನೀರಲ್ಲಿ ಮೊಟ್ಟೆ ಇಡೋದಿಲ್ಲ. ಅವಕ್ಕೆ ಮಳೆಗಾಲದ ಹೊಸ ನೀರು, ಹರಿವು ಬೇಕು. ಹಾಗಾಗಿ ಸಾಮಾನ್ಯವಾಗಿ ಸಣ್ಣ ಕೆರೆಯಲ್ಲಿ ಈ ವರ್ಷ ಎಷ್ಟು ಬಿಡುತ್ತೇವೋ ಅಷ್ಟೇ, ಹಿಡಿದರೆ ಮುಗಿಯಿತು, ಮುಂದಿನ ವರ್ಷ ಮತ್ತೆ ಕೊಂಡು ಬಿಡಬೇಕು. ಕಾಮನ್ ಕಾರ್ಪ್ ಹಾಗಲ್ಲ. ನಿಂತ ಕೆರೆಯಲ್ಲೇ, ಅಂಚಿನ ಜೊಂಡು ಹುಲ್ಲಿಗೆ ಮೊಟ್ಟೆ ಅಂಟಿಸಿ ಹೋಗುತ್ತದೆ. ಒಂದು ಕಿಲೋ ತೂಕದ ಹೆಣ್ಣು ಒಂದು ಲಕ್ಷ, ಅದಕ್ಕಿಂತ ಹೆಚ್ಚೂ ಮೊಟ್ಟೆ ಇಡಬಲ್ಲದು. ಜಿಲೇಬಿ ಅಂತೂ ಮೊಟ್ಟೆ, ಮರಿ ಎಲ್ಲ ತಾಯಿಯ ಬಾಯಲ್ಲೇ ಇಟ್ಟುಕೊಂಡು ಕಾಯುತ್ತದೆ, ಅದಕ್ಕೇ ಒಮ್ಮೆ ಹೊಕ್ಕರೆ ಹೋಗೋದೇ ಇಲ್ಲ. ಒಂದು ಸಲ ಬಿಟ್ಟರೆ ಬಿಟ್ಟಿದ್ದೇ.

ಕಾಮನ್ ಕಾರ್ಪ್ ತಳದಲ್ಲಿ ಮೇಯುವ ಮೀನು. ಹಂದಿ ಗದ್ದೆ ಕೆದಕಿದಂತೆ ಕೆಸರು ಕೆದಕುತ್ತದೆ, ಹುಳ ಹುಪ್ಪಟೆ, ಬೇರು ಎಲ್ಲ ತಿನ್ನುತ್ತದೆ. ನೀರು ಸದಾ ಕದಡಿ ಚಹಾದ ಬಣ್ಣಕ್ಕೆ ಬರುತ್ತೆ. ಬಿಸಿಲು ಒಳಗೆ ಇಳಿಯದೆ ನೀರೊಳಗಿನ ಸಸ್ಯ ಸಾಯುತ್ತೆ. ಸಸ್ಯದ ಮರೆಯಲ್ಲಿ ಬದುಕುವ ಸಸಲಿನಂಥ ಮೀನಿಗೆ ಮನೆ ಹೋಗುತ್ತೆ. ಯಾರನ್ನೂ ಕಚ್ಚಿ ಓಡಿಸಬೇಕಾಗಿಲ್ಲ, ಮನೆ ಕೆಡವಿದರೆ ಸಾಕು. ಕಾಶ್ಮೀರದ ಸರೋವರಗಳಲ್ಲಿ ಈ ಮೀನು ಬಂದ ಮೇಲೆ ಅಲ್ಲಿನ ಸ್ವಂತ ಮೀನುಗಳು ಕಡಿಮೆಯಾದವು. ಮಣಿಪುರದವರ ಅಚ್ಚುಮೆಚ್ಚಿನ ಪೆಂಗ್ಬಾ ಎಂಬ ಮೀನು ಹೊಳೆ ಸರೋವರಗಳಲ್ಲಿ ಕಾಣಸಿಗದಂತಾಯಿತು. ಅದಕ್ಕೆ ಅಣೆಕಟ್ಟೂ ಕಾರಣ, ಹೊಸ ಮೀನೂ ಕಾರಣ. ಪ್ರಪಂಚದ ಅತಿ ಕೆಟ್ಟ ನೂರು ಆಕ್ರಮಣಕಾರಿ ಜೀವಿಗಳು ಅಂತ ಮಾಡಿದ ಪಟ್ಟಿಯಲ್ಲಿ ಕಾಮನ್ ಕಾರ್ಪ್ ಕೂಡ ಇದೆ. ತಮಾಷೆ ಏನೆಂದರೆ, ತನ್ನ ತವರಾದ ಡ್ಯಾನ್ಯೂಬ್ ಸೀಮೆಯಲ್ಲಿ ಇದರ ಕಾಡು ಜಾತಿ ಈಗ ಅಪಾಯದಲ್ಲಿದೆ. ತವರಲ್ಲಿ ಬಡಕಲು, ಹೋದ ಮನೆಯಲ್ಲಿ ಯಜಮಾನಿಕೆ!

ಒಂದೇ ಮೀನು, ಒಂದೊಂದು ಊರಿಗೆ ಒಂದೊಂದು

ಪೋಲೆಂಡಿನಲ್ಲಿ ಕ್ರಿಸ್ಮಸ್ ಹಿಂದಿನ ರಾತ್ರಿಯ ಊಟಕ್ಕೆ ಈ ಕಾರ್ಪ್ ಇರಲೇಬೇಕು. ಮೊದಲೆಲ್ಲ ಎರಡು ಮೂರು ದಿನ ಮುಂಚೆ ಜೀವಂತ ಮೀನು ತಂದು ಸ್ನಾನದ ತೊಟ್ಟಿಯಲ್ಲಿ ಬಿಟ್ಟಿರುತ್ತಿದ್ದರು. ಮಕ್ಕಳು ಅದಕ್ಕೆ ಹೆಸರಿಟ್ಟು ಆಟವಾಡಿ, ಕಡೆಗೆ ಕೊಲ್ಲೋ ಹೊತ್ತಿಗೆ ಅಳುತ್ತಿದ್ದರಂತೆ. ಇಂಗ್ಲೆಂಡಿನಲ್ಲಿ ಗಾಳ ಹಾಕುವವರು ಕಾರ್ಪ್ ಹಿಡಿದು, ತೂಕ ಮಾಡಿ, ಗಾಯಕ್ಕೆ ಔಷಧಿ ಹಚ್ಚಿ ಮತ್ತೆ ನೀರಿಗೆ ಬಿಡುತ್ತಾರೆ. ಅದೇ ಆಸ್ಟ್ರೇಲಿಯಾದಲ್ಲಿ ಹಿಡಿದ ಕಾರ್ಪನ್ನು ಜೀವಂತ ಮತ್ತೆ ನೀರಿಗೆ ಬಿಡುವುದು ಹಲವು ರಾಜ್ಯಗಳಲ್ಲಿ ಅಪರಾಧ. ಅಲ್ಲಿನ ದೊಡ್ಡ ನದಿಗಳಲ್ಲಿ ಅದು ಎಲ್ಲ ಮೀನನ್ನೂ ಮೀರಿ ತುಂಬಿಕೊಂಡಿದೆ. ಮಕ್ಕಳು ಮರಿ ಸಮೇತ ಊರೇ ಸೇರಿ ಕಾರ್ಪ್ ಹಿಡಿಯುವ ಸ್ಪರ್ಧೆ ನಡೆಸುತ್ತಾರೆ. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಬೆಳ್ಳಿಗೆಂಡೆಯಂಥ ಮೀನುಗಳು ಹೊಳೆ ತುಂಬಿಕೊಂಡಾಗ, ಜನ ತಿನ್ನಲಿ ಅಂತ 2022ರಲ್ಲಿ ಅವಕ್ಕೆ 'ಕೋಪಿ' ಅಂತ ಹೊಸ ಹೆಸರೇ ಇಟ್ಟರು.

ಇದನ್ನೆಲ್ಲ ಶಿಬಿರದಲ್ಲಿ ಹೇಳಿದಾಗ ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳಿದರು. ಆದರೆ ಮರುದಿನ ಒಂದು ಘಟನೆ ಆಯಿತು. ಕಾಫಿ ತೋಟಕ್ಕೆ ಕೆಲಸಕ್ಕೆ ಬಂದ ಹೊರರಾಜ್ಯದ ಕುಟುಂಬದ ಹುಡುಗನೊಬ್ಬ ಶಿಬಿರದಲ್ಲಿದ್ದ. ಚೆಂಡಿನ ಆಟದಲ್ಲಿ ಜಗಳವಾಗಿ ಇನ್ನೊಬ್ಬ ಅವನಿಗೆ "ಹೋಗೋ ಕಾರ್ಪು, ಹೊರಗಿಂದ ಬಂದೋನು" ಅಂದ. ಎಲ್ಲರೂ ನಕ್ಕರು. ನಮಗೆ ನಗು ಬರಲಿಲ್ಲ. ನಾವು ಹೇಳಿಕೊಟ್ಟ ಪಾಠ ಎಲ್ಲಿಗೆ ಹೋಗಿ ಮುಟ್ಟಿತು ನೋಡಿ! ಆ ಸಂಜೆ ಮಕ್ಕಳನ್ನು ಕೂರಿಸಿಕೊಂಡು ಮಾತಾಡಿದೆವು. ಮೀನು ತಾನಾಗಿ ಬರಲಿಲ್ಲ, ಮನುಷ್ಯರು ತಂದು ಬಿಟ್ಟರು. ಅದು ಎಲ್ಲ ಮೀನಿನಂತೆ ತಿಂದು ಮರಿ ಮಾಡುತ್ತಿದೆ. ತಪ್ಪು ಲೆಕ್ಕ ಹಾಕಿದ್ದು ನಾವು. ಇನ್ನು ಮನುಷ್ಯ ಅಂದರೆ ಎಲ್ಲ ಒಂದೇ ಜಾತಿಯ ಜೀವಿ, ಈ ಲೆಕ್ಕ ಅವರಿಗೆ ಹೊಂದೋದೇ ಇಲ್ಲ. ಆ ಹುಡುಗನ ಊರಲ್ಲಿ ರೋಹು ಹೇಗೆ ಮಾಡುತ್ತಾರೆ ಅಂತ ಕೇಳಿದೆವು. ಸಾಸಿವೆ ಅರೆದು ಹಾಕಿ ಮಾಡುತ್ತಾರೆ ಅಂದ. ಅವನ ತಾಯಿ ಕೊನೆಯ ದಿನ ಬಂದು ಮಾಡಿಕೊಟ್ಟರು. ನಿಮ್ಮ ಮನೆಯಲ್ಲೂ ಮೀನಿನ ವಿಷಯ ಮಕ್ಕಳಿಗೆ ಹೇಳುವಾಗ 'ಪರದೇಶಿ' 'ಕಳ್ಳ' ಇಂಥ ಮಾತು ಬಳಸಬೇಡಿ. ಮಕ್ಕಳು ಮಾತನ್ನು ಎತ್ತಿಕೊಂಡು ಎಲ್ಲಿ ಬೇಕಾದರೂ ಎಸೆಯುತ್ತಾರೆ.

ಇದಕ್ಕಿಂತ ಅಪಾಯದ್ದು

ಕಾಮನ್ ಕಾರ್ಪ್‌ಗೆ ಇಲಾಖೆಯ ಒಪ್ಪಿಗೆ ಇದೆ, ಮರಿ ಕೇಂದ್ರಗಳಲ್ಲೇ ಸಿಗುತ್ತೆ. ಆದರೆ ಆಫ್ರಿಕನ್ ಕ್ಯಾಟ್‌ಫಿಶ್ ವಿಷಯ ಬೇರೆ. 1990ರ ದಶಕದ ಮೊದಲಲ್ಲಿ ಬಾಂಗ್ಲಾದೇಶದ ಕಡೆಯಿಂದ ಅನುಮತಿ ಇಲ್ಲದೆ ನುಸುಳಿ ಬಂದ ಮೀನು ಇದು. 2000ನೇ ಇಸವಿಯಲ್ಲಿ ಕೇಂದ್ರ ಸರ್ಕಾರ ಇದರ ಸಾಕಣೆ ನಿಷೇಧಿಸಿತು. 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕೂಡ ಇದನ್ನು ನಾಶಪಡಿಸಬೇಕೆಂದು ಹೇಳಿತು. ಆದರೂ ಬೆಂಗಳೂರಿನ ಸುತ್ತಮುತ್ತ ಹೊಂಡಗಳಲ್ಲಿ ಕೋಳಿ ಅಂಗಡಿಯ ತ್ಯಾಜ್ಯ ಹಾಕಿ ಕದ್ದು ಸಾಕುತ್ತಾರೆ. ಆಮ್ಲಜನಕ ಕಡಿಮೆ ಇರುವ ಕೊಳಕು ನೀರಲ್ಲೂ ಬದುಕುತ್ತೆ, ಗಾಳಿಯನ್ನೇ ಉಸಿರಾಡುತ್ತೆ, ಮಳೆ ಬಂದಾಗ ಒದ್ದೆ ನೆಲದ ಮೇಲೆ ಸ್ವಲ್ಪ ದೂರ ತೆವಳಿಕೊಂಡು ಪಕ್ಕದ ಹಳ್ಳಕ್ಕೂ ಹೋಗುತ್ತೆ. ಹಿಡಿದದ್ದೆಲ್ಲ ತಿನ್ನುತ್ತದೆ: ಮೀನು, ಕಪ್ಪೆ, ಮರಿ ಹಕ್ಕಿ.

ಕೆಲವು ಸಂಘಗಳಿಗೆ ದಲ್ಲಾಳಿಗಳು ಬಂದು "ಅಕ್ಕ, ಆರು ತಿಂಗಳಲ್ಲಿ ದುಪ್ಪಟ್ಟು, ಮರಿ ನಾವೇ ತಂದು ಬಿಡ್ತೀವಿ, ಆಮೇಲೆ ನಾವೇ ಕೊಳ್ತೀವಿ" ಅಂತ ಆಸೆ ಹಚ್ಚಿದ್ದು ನಮ್ಮ ಗಮನಕ್ಕೆ ಬಂದಿದೆ. ದಯವಿಟ್ಟು ಒಪ್ಪಬೇಡಿ. ಅದು ಕಾನೂನಿಗೆ ವಿರುದ್ಧ. ಅಧಿಕಾರಿಗಳು ಬಂದು ಹೊಂಡ ಖಾಲಿ ಮಾಡಿಸಿದರೆ ಸಾಲ ಸಂಘದ ಹೆಸರಲ್ಲಿ ಉಳಿಯುತ್ತೆ, ದಲ್ಲಾಳಿ ಫೋನು ಎತ್ತೋದಿಲ್ಲ. ನಮ್ಮ ಮುರುಗೋಡು ಮೀನಿಗೂ ಮೀಸೆ ಇದೆ, ಇದಕ್ಕೂ ಇದೆ, ಮರಿಯಲ್ಲಿ ಗೊತ್ತಾಗೋದು ಕಷ್ಟ. ನಮ್ಮದು ಒಂದು ಮೊಳ ದಾಟುವುದು ಅಪರೂಪ. ಮೈಮೇಲೆ ಕಲ್ಲಿನ ಮೇಲಿನ ಪಾಚಿಯಂತೆ ಮಚ್ಚೆ ಇದ್ದು, ಕಿಲೋಗಟ್ಟಲೆ ಬೆಳೆಯುತ್ತಿದ್ದರೆ ಅನುಮಾನ ಪಡಿ, ಮೀನುಗಾರಿಕೆ ಇಲಾಖೆಯವರನ್ನು ಕರೆಸಿ.

ಪಟ್ಟಣದಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಸಾಕುವ, ಗಾಜಿಗೆ ಬಾಯಿ ಕಚ್ಚಿಕೊಂಡಿರುವ ಕಪ್ಪು ಮೀನು ನೋಡಿರುತ್ತೀರಿ. 'ಟ್ಯಾಂಕ್ ಕ್ಲೀನರ್' ಅಂತಾರೆ. ದೊಡ್ಡದಾದ ಮೇಲೆ ಪಾಪ ಅಂತ ಕೆರೆಗೆ ಬಿಡುತ್ತಾರೆ. ಅದರ ಮೈ ಗಟ್ಟಿ ಚಿಪ್ಪು, ಮುಳ್ಳು. ಬಲೆ ಹರಿಯುತ್ತೆ, ತಿನ್ನೋಕೂ ಹೆಚ್ಚಿಗೆ ಏನಿಲ್ಲ. ಮನೆಗೆಲಸಕ್ಕೆ ಹೋಗುವ ಸಹೋದರಿಯರಿಗೆ ಯಜಮಾನರು "ನಿಮ್ಮೂರ ಕೆರೆಗೆ ಬಿಟ್ಟುಬಿಡು" ಅಂತ ಕೊಟ್ಟದ್ದುಂಟು. ತರಬೇಡಿ.

ಸೊಳ್ಳೆ ಮರಿ ತಿನ್ನಲಿ ಅಂತ ಆರೋಗ್ಯ ಇಲಾಖೆಯವರು ಕೊಡುವ ಗಪ್ಪಿ, ಗ್ಯಾಂಬೂಸಿಯಾ ಮೀನುಗಳೂ ಹೊರಗಿನವೇ. ಗ್ಯಾಂಬೂಸಿಯಾ 1928ರಲ್ಲಿ ಇಟಲಿಯಿಂದ ಬಂತು. ಆಶಾ ಕಾರ್ಯಕರ್ತೆಯರು ಬೇಸರ ಮಾಡಿಕೊಳ್ಳಬಾರದು. ತೊಟ್ಟಿಗೆ, ಮುಚ್ಚಿದ ಬಾವಿಗೆ ಬಿಡಿ, ಹಳ್ಳಕ್ಕೆ ಕೆರೆಗೆ ಬೇಡ. ಕೆರೆ ಅಂಚಲ್ಲಿ, ಗದ್ದೆ ಕಾಲುವೆಯಲ್ಲಿ ತಲೆಯ ಮೇಲೆ ಬಿಳಿ ಚುಕ್ಕೆ ಹೊಳೆಯುವ ಕಡ್ಡಿಯಂಥ ಪುಟ್ಟ ಮೀನು ಇರುತ್ತಲ್ಲ, ಅದು ನಮ್ಮದೇ. ಅದೂ ಸೊಳ್ಳೆ ಮರಿಯನ್ನು ಚೆನ್ನಾಗಿ ತಿನ್ನುತ್ತೆ.

ಒಳ್ಳೆಯದು ಮಾಡಲು ಹೋಗಿ ಕೆಟ್ಟದ್ದಾಗುವುದು ನಮ್ಮಂಥವರಿಗೆ ಮಾತ್ರ ಅಲ್ಲ. ಕಾವೇರಿಯಲ್ಲಿ ಗೂನುಬೆನ್ನಿನ ದೊಡ್ಡ ಮಹಶೀರ್ ಇತ್ತು, ಆ ಸೀಮೆಗೇ ಸೇರಿದ್ದು. ಮಹಶೀರ್ ಹೆಚ್ಚಲಿ ಅಂತ 1970ರ ದಶಕದಿಂದ ಮಹಾರಾಷ್ಟ್ರದ ಲೋನಾವಳದಲ್ಲಿ ಬೆಳೆಸಿದ ಇನ್ನೊಂದು ಜಾತಿಯ ಮರಿಗಳನ್ನು ಹೊಳೆಗೆ ಬಿಟ್ಟರು. ಅದು ಹೆಚ್ಚಿತು, ಮೂಲದ್ದು ಕಡಿಮೆಯಾಯಿತು. 2018ರಲ್ಲಿ ಗೂನುಬೆನ್ನಿನ ಮಹಶೀರ್ ಅಳಿವಿನ ಕೊನೆಯ ಅಂಚಿನಲ್ಲಿದೆ ಅಂತ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಸೇರಿಸಿದರು.

ಮಕ್ಕಳ ಜೊತೆ ಗಾಳ ಹಾಕುವಾಗ

ಮಕ್ಕಳು ಕೆರೆಗೆ ಹೋಗೋದನ್ನು ನಿಲ್ಲಿಸಬೇಡಿ, ಒಬ್ಬರನ್ನೇ ಕಳಿಸಬೇಡಿ ಅಷ್ಟೆ. ಈಗ ಯಂತ್ರದಿಂದ ಹೂಳು, ಮಣ್ಣು ತೆಗೆದ ಕೆರೆಗಳಲ್ಲಿ ಅಂಚಿನಲ್ಲೇ ಆಳುದ್ದದ ಗುಂಡಿ ಇರುತ್ತೆ, ನೀರು ತುಂಬಿದರೆ ಕಾಣೋದಿಲ್ಲ. ಬೇಸಿಗೆಯಲ್ಲಿ ನೀರು ಇಳಿದಾಗಲೇ ಗುಂಡಿ ಎಲ್ಲೆಲ್ಲಿ ಇದೆ ನೋಡಿಟ್ಟುಕೊಳ್ಳಿ. ಯಾರಾದರೂ ಬಿದ್ದರೆ ಈಜು ಬಾರದವರು ಧುಮುಕಬೇಡಿ. ಸೀರೆ ಬಿಚ್ಚಿ ಎಸೆಯಿರಿ, ಬಿದಿರು ಕೊಡಿ. ಮಾನ ನೋಡುವ ಹೊತ್ತಲ್ಲ ಅದು.

ಹಿಡಿದ ಮೀನಿನ ಬೆನ್ನಿನ ರೆಕ್ಕೆ ಮೊದಲು ನೋಡಿಸಿ. ಕಾಮನ್ ಕಾರ್ಪ್‌ಗೆ ಬೆನ್ನ ನಡುವಿನಿಂದ ಬಾಲದ ಹತ್ತಿರದವರೆಗೂ ಉದ್ದ ರೆಕ್ಕೆ, ಬಾಯಿಯ ಪಕ್ಕ ಎರಡು ಜೊತೆ ಸಣ್ಣ ಮೀಸೆ. ನಮ್ಮ ಗೆಂಡೆಗಳಿಗೆ, ಸಸಲಿಗೆ ಬೆನ್ನಿನ ರೆಕ್ಕೆ ಗಿಡ್ಡ. ಕಾಟ್ಲಾಕ್ಕೆ ದೊಡ್ಡ ತಲೆ, ಮೇಲಕ್ಕೆ ತೆರೆದ ಬಾಯಿ, ಮೀಸೆ ಇಲ್ಲ. ಕೊರವನ ಕೆಂಪು ಮರಿಗಳು ಗುಂಪಾಗಿ ಉಂಡೆ ಕಟ್ಟಿಕೊಂಡು ಓಡಾಡುವಾಗ ತಾಯಿ ತಂದೆ ಕೆಳಗೇ ಕಾವಲಿರುತ್ತವೆ. ಆಗ ಅವನ್ನು ಹಿಡಿಯಬಾರದು ಅಂತ ಹಿರಿಯರು ಹೇಳುತ್ತಿದ್ದರು. ಅಂಥದು ಬಿದ್ದರೆ ಕೈ ಒದ್ದೆ ಮಾಡಿಕೊಂಡು ಗಾಳ ಬಿಡಿಸಿ ಬಿಟ್ಟುಬಿಡಿ.

ಕಾರ್ಪ್, ಜಿಲೇಬಿ ಬಿದ್ದರೆ ಮನೆಗೆ ತನ್ನಿ. ಆದರೆ ಗುತ್ತಿಗೆ ಕೆರೆಯಾದರೆ ಮೊದಲು ಕೇಳಿ. ದಡದಲ್ಲಿ ಒದ್ದಾಡಿಸಿ, ಕಲ್ಲು ಹೊಡೆದು ಆಡೋದಕ್ಕೆ ಬಿಡಬೇಡಿ. ತಲೆಗೆ ಒಂದು ಗಟ್ಟಿ ಏಟು ಕೊಟ್ಟರೆ ತಕ್ಷಣ ಸಾಯುತ್ತೆ. ಜೀವಂತ ಮೀನನ್ನು ಬಕೆಟ್ಟಿನಲ್ಲಿ ತಂದು ಮನೆ ಹತ್ತಿರದ ಹಳ್ಳಕ್ಕೆ, ಬಾವಿಗೆ ಬಿಡೋದು ಮಕ್ಕಳಿಗೆ ಬಹಳ ಇಷ್ಟದ ಆಟ. ಹೊರಗಿನ ಮೀನು ಒಂದು ನೀರಿನಿಂದ ಇನ್ನೊಂದಕ್ಕೆ ಹೋಗೋದು ಹೆಚ್ಚಾಗಿ ಹೀಗೇ, ಇದನ್ನು ಖಂಡಿತ ತಡೆಯಿರಿ. ಕೆಸರು ವಾಸನೆ ಬರುತ್ತೆ ಅಂತ ಕಾರ್ಪ್ ಬಿಸಾಡಬೇಡಿ. ಉಪ್ಪು, ಅರಿಶಿನ, ಹುಣಸೆಹಣ್ಣಿನ ನೀರಲ್ಲಿ ಎರಡು ಸಲ ತೊಳೆದು ಹುಳಿ ಮುಂದಾಗಿ ಸಾರು ಮಾಡಿ. ಮಾಂಸದೊಳಗೆ ಕವಲು ಮುಳ್ಳು ಇರುತ್ತೆ, ಚಿಕ್ಕವರಿಗೆ ನೀವೇ ಬಿಡಿಸಿ ಕೊಡಿ.

ಗುತ್ತಿಗೆ ಹಿಡಿಯುವ ಸಂಘಗಳಿಗೆ

ಮಳೆಗಾಲದಲ್ಲಿ ಕೋಡಿ ಬಿದ್ದು ಹಳ್ಳಕ್ಕೆ, ಹೊಳೆಗೆ ಸೇರುವ ಕೆರೆಗೆ ಕಾಮನ್ ಕಾರ್ಪ್ ಬಿಡಬೇಡಿ ಅನ್ನೋದು ಈಗ ನಮ್ಮ ಸಲಹೆ. ಕಾಟ್ಲಾ, ರೋಹು, ಮೃಗಾಲ್ ಸಾಕು. ಮರಿ ಪ್ರತಿ ವರ್ಷ ಕೊಳ್ಳಬೇಕು, ಖರ್ಚು ಸ್ವಲ್ಪ ಜಾಸ್ತಿ, ಅದು ನಿಜ. ಎಲ್ಲೂ ಹರಿದು ಹೋಗದ ಕೃಷಿ ಹೊಂಡ ಇದ್ದವರು ಕಾಮನ್ ಕಾರ್ಪ್ ಸಾಕಬಹುದು, ಬೇಗ ಬೆಳೆಯುತ್ತೆ, ಜೀವಂತ ಮಾರಬಹುದು. ಮರಿಯನ್ನು ಇಲಾಖೆಯ ಕೇಂದ್ರದಲ್ಲೇ ಕೊಳ್ಳಿ, ರಸೀದಿ ತಗೊಳ್ಳಿ. ಬೈಕಿನಲ್ಲಿ ಮನೆ ಬಾಗಿಲಿಗೆ ಬರುವ ಚೀಲದಲ್ಲಿ ಏನೇನು ಬೆರೆತಿದೆ ಯಾರಿಗೂ ಗೊತ್ತಾಗಲ್ಲ.

ಹಿಂಡಿ, ಬ್ಲೀಚಿಂಗ್ ಪೌಡರ್ ಯಾವುದೂ ಬೇಡ. ಭಕ್ಷಕ ಮೀನು ಬಹಳ ಇದ್ದರೆ ಬಲೆ ಎಳೆದು ದೊಡ್ಡವನ್ನು ಹಿಡಿದು ಮಾರಿ. ಕೊರವಕ್ಕೆ ಸಂತೆಯಲ್ಲಿ ಕಾರ್ಪ್‌ಗಿಂತ ಒಳ್ಳೆ ಬೆಲೆ ಇದೆ, ಅದನ್ನು ಸಾಯಿಸಿ ಹೂಳೋದು ಯಾವ ಲೆಕ್ಕ? ಮರಿಯನ್ನು ಬೆರಳುದ್ದಕ್ಕಿಂತ ದೊಡ್ಡದು ಮಾಡಿ ಬಿಟ್ಟರೆ ಉಳಿಯೋದು ಹೆಚ್ಚು. ಅದಕ್ಕೆ ಹಿತ್ತಲ ಹೊಂಡದಲ್ಲಿ ಒಂದೆರಡು ತಿಂಗಳು ಸಾಕಿದರೆ ಆಯಿತು.

ಗ್ರಾಮ ಪಂಚಾಯಿತಿಯಲ್ಲಿ ಗುತ್ತಿಗೆ ಕರಾರು ಬರೆಸುವಾಗ ಒಂದು ಸಾಲು ಸೇರಿಸೋಕೆ ಕೇಳಿ: ಬಿಟ್ಟ ಜಾತಿಯ ಮೀನು ಸಂಘದ್ದು, ಸೀರೆಯಲ್ಲಿ, ಕೈಯಲ್ಲಿ ಹಿಡಿಯುವ ಸಸಲು ಸೀಗಡಿ ಊರಿನ ಎಲ್ಲ ಮನೆಯದ್ದು. ಶಿಬಿರ ನಡೆದ ಊರಿನ ಸಂಘದಲ್ಲಿ ಈ ಮಾತು ಎತ್ತಿದಾಗ ದೊಡ್ಡ ಜಗಳವೇ ಆಯಿತು. "ಸಸಲು ಅಂತ ಬಂದು ನಮ್ಮ ಮರಿ ಕದ್ಕೊಂಡು ಹೋಗ್ತಾರೆ ಸಿಸ್ಟರ್" ಅಂದರು ಅಧ್ಯಕ್ಷೆ. ಆ ಭಯದಲ್ಲಿ ಹುರುಳಿದೆ. ಕಡೆಗೆ ಮರಿ ಬಿಟ್ಟ ಮೊದಲ ಎರಡು ತಿಂಗಳು ಯಾರೂ ಇಳಿಯಬಾರದು, ಆಮೇಲೆ ತೂಬಿನ ಕಡೆಯ ಅಂಚು ಬಿಟ್ಟುಕೊಡುವುದು ಅಂತ ಆಯಿತು. ಒಂದು ವರ್ಷ ನೋಡೋಣ ಅಂದಿದ್ದಾರೆ.

ಸತ್ತು ಹೋದ ಮೀನು ವಾಪಸ್ಸು ಬರುತ್ತಾ ಅಂತ ಕೇಳುತ್ತೀರಿ. ಮೇಲಿನ ಕೆರೆಗಳಲ್ಲಿ, ಹಳ್ಳದಲ್ಲಿ ಉಳಿದಿದ್ದರೆ ಮಳೆ ನೀರಿನ ಜೊತೆ ಕೆಲವು ಬರುತ್ತವೆ. ಆ ಒಂದು ಸಸಲು ಹಾಗೆ ಬಂದದ್ದೇ ಇರಬೇಕು. ಮಕ್ಕಳು ಅದನ್ನು ಸಾರಿಗೆ ಹಾಕಲು ಬಿಡಲಿಲ್ಲ, ಬಕೆಟ್ಟಿನಿಂದ ತೆಗೆದು ಅದೇ ಕೆರೆಗೆ ಬಿಟ್ಟರು. ಅಜ್ಜಿ ಹೇಳಿದ ಏಳು ಹೆಸರನ್ನು ಒಂದು ಹಾಳೆಯಲ್ಲಿ ಬರೆದು ಶಾಲೆಯ ಗೋಡೆಗೆ ಅಂಟಿಸಿದ್ದಾರೆ. ನಿಮ್ಮ ಊರಿನ ಹಿರಿಯರನ್ನು ಕೇಳಿ ನಿಮ್ಮ ಕೆರೆಯ ಹೆಸರುಗಳನ್ನೂ ಬರೆದು ಮುಂದಿನ ತಿಂಗಳ ಒಕ್ಕೂಟದ ಸಭೆಗೆ ತನ್ನಿ. ಈಗಲೂ ಸಿಗುವ ಮೀನಿನ ಹೆಸರಿನ ಮುಂದೆ ಒಂದು ಗುರುತು ಹಾಕಿ.